ರಾಬಿನ್ ಹಾಲಿಡೇ ಮತ್ತು ಶಿಲೀಂಧ್ರಗಳು: 1964ರ ಆ ಚಿತ್ರ ಹೇಗೆ ಹುಟ್ಟಿತು?

ಪ್ರಶ್ನೆ: ಸಸ್ಯಶಾಸ್ತ್ರ ಉಪನ್ಯಾಸಕಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ತಳಿವಿಜ್ಞಾನ ಪಾಠ ಮಾಡುತ್ತೇನೆ. ಮರುಸಂಯೋಜನೆಯ (ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವ ಕ್ರಿಯೆಯ) ಅಧ್ಯಾಯಕ್ಕೆ ಬಂದಾಗಲೆಲ್ಲ ನಾಲ್ಕು ತೋಳಿನ ಆ ಪರಿಚಿತ ಚಿತ್ರವನ್ನು ಹಲಗೆಯ ಮೇಲೆ ಬರೆಯುತ್ತೇನೆ: ಎರಡು ಡಿಎನ್ಎ ಸುರುಳಿಗಳು ಅಕ್ಕಪಕ್ಕ ನಿಂತಿವೆ, ಒಂದೊಂದರಲ್ಲೂ ಒಂದು ಎಳೆ ಕಡಿದಿದೆ, ಕಡಿದ ತುದಿಗಳು ಅದಲುಬದಲಾಗಿ ಎದುರಿನ ಸುರುಳಿಗೆ ಸೇರಿಕೊಂಡಿವೆ. ಅದರ ಕೆಳಗೆ ‘ಹಾಲಿಡೇ ಜಂಕ್ಷನ್, 1964’ ಎಂದು ಬರೆದು ಮುಂದಿನ ವಿಷಯಕ್ಕೆ ಹೋಗುವುದೇ ರೂಢಿಯಾಗಿಬಿಟ್ಟಿದೆ. ಈ ಸಲ ಒಬ್ಬ ವಿದ್ಯಾರ್ಥಿನಿ, ‘ಮೇಡಂ, 1964ರಲ್ಲಿ ಇದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲವಲ್ಲ, ಹೀಗೇ ಇರಬೇಕೆಂದು ಅವರಿಗೆ ಹೇಗೆ ಹೊಳೆಯಿತು?’ ಎಂದು ಕೇಳಿದಳು. ನಾವು ಬಳಸುವ ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ.

ನಾನು ಅಲ್ಲಿ ಇಲ್ಲಿ ಓದಿ ತಿಳಿದುಕೊಂಡಿರುವುದು ಇಷ್ಟು. ರಾಬಿನ್ ಹಾಲಿಡೇ 1932ರಲ್ಲಿ ಆಗಿನ ಪ್ಯಾಲೆಸ್ಟೈನಿನ ಜಾಫಾದಲ್ಲಿ ಬ್ರಿಟಿಷ್ ದಂಪತಿಗಳಿಗೆ ಹುಟ್ಟಿದರು, ಕೇಂಬ್ರಿಜ್‌ನಲ್ಲಿ ಓದಿದರು, ಬಹುಕಾಲ ಮೆಕ್ಕೆಜೋಳಕ್ಕೆ ರೋಗ ತರುವ ಒಂದು ಶಿಲೀಂಧ್ರದ ಮೇಲೆ ಕೆಲಸ ಮಾಡಿದರು, ಆಮೇಲೆ ಮುಪ್ಪಿನ ಕುರಿತೂ ಡಿಎನ್ಎ ಮಿಥೈಲೀಕರಣದ ಕುರಿತೂ ಬರೆದರು. ನನ್ನ ಸಂದೇಹಗಳು ಎರಡು. ವರ್ಣತಂತುಗಳ ಅಧ್ಯಯನಕ್ಕೆ ಹಣ್ಣುನೊಣದಂಥ ಪಳಗಿದ ಜೀವಿ ಇರುವಾಗ ಇಂಥದೊಂದು ವಿಚಾರಕ್ಕೆ ಶಿಲೀಂಧ್ರಗಳೇ ಏಕೆ ಬೇಕಾದವು? ಮತ್ತು ಅವರ ಸಂಶೋಧನೆಯನ್ನು ಒಂದೇ ದಾರಿಯೆಂದು ನೋಡಬೇಕೇ, ಅಥವಾ ವಿಷಯದಿಂದ ವಿಷಯಕ್ಕೆ ಹಾರಿದ ಹಲವು ಅಧ್ಯಾಯಗಳೆಂದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಚೆನ್ನಾಗಿದೆ. ಆ ಚಿತ್ರ ಹುಟ್ಟಿದ್ದು ಶಿಲೀಂಧ್ರಗಳ ಬೀಜಕಗಳ (ಸ್ಪೋರ್‌ಗಳ) ಲೆಕ್ಕದಿಂದ. ಸೂಕ್ಷ್ಮದರ್ಶಕದಲ್ಲಿ ಡಿಎನ್ಎಯನ್ನು ಹಾಗೆ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಬೀಜಕಗಳನ್ನು ಎಣಿಸಿದವರಿಗೆ ಸಿಕ್ಕ ಕೆಲವು ಸಂಖ್ಯೆಗಳು ಅಂದಿನ ಸಿದ್ಧಾಂತಕ್ಕೆ ಹೊಂದುತ್ತಿರಲಿಲ್ಲ, ಆ ಸಂಖ್ಯೆಗಳನ್ನು ಹೊಂದಿಸಲು ಹೊರಟಾಗ ಆ ಆಕಾರ ಅನಿವಾರ್ಯವಾಯಿತು.

ಮೊದಲು ಶಿಲೀಂಧ್ರ ಏಕೆ ಎಂಬುದು. ಪ್ರಾಣಿಗಳಲ್ಲಿ ಮಿಯಾಸಿಸ್ (ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುವ ಕೋಶವಿಭಜನೆ) ನಡೆದ ಮೇಲೆ ಹುಟ್ಟುವ ನಾಲ್ಕು ಕೋಶಗಳು ಒಟ್ಟಿಗೆ ಉಳಿಯುವುದಿಲ್ಲ. ಗಂಡಿನಲ್ಲಿ ಅವು ಲಕ್ಷಾಂತರ ವೀರ್ಯಾಣುಗಳ ನಡುವೆ ಕಳೆದುಹೋಗುತ್ತವೆ, ಹೆಣ್ಣಿನಲ್ಲಿ ನಾಲ್ಕರಲ್ಲಿ ಒಂದು ಮಾತ್ರ ಅಂಡವಾಗುತ್ತದೆ. ಹೀಗಾಗಿ ಹಣ್ಣುನೊಣದ ಸಂತತಿಯನ್ನು ಎಷ್ಟೇ ಎಣಿಸಿದರೂ ನಮಗೆ ಸಿಗುವುದು ಸರಾಸರಿ ಅನುಪಾತ ಮಾತ್ರ; ಒಂದೇ ಒಂದು ಮಿಯಾಸಿಸ್‌ನಲ್ಲಿ ಏನು ನಡೆಯಿತು ಎಂಬುದು ಬಹುಪಾಲು ಕೈಗೆ ಸಿಗದೆ ಉಳಿಯುತ್ತದೆ. ಆಸ್ಕಸ್ ಚೀಲ ಕಟ್ಟುವ ಶಿಲೀಂಧ್ರಗಳಲ್ಲಿ ಒಂದು ಮಿಯಾಸಿಸ್‌ನ ಫಲವೆಲ್ಲವೂ ಒಂದೇ ಚೀಲದೊಳಗೆ ಉಳಿಯುತ್ತದೆ. ಜೊತೆಗೆ ಬೀಜಕದಲ್ಲಿ ಪ್ರತಿ ಜೀನ್‌ನ ಒಂದೇ ರೂಪ ಇರುವುದರಿಂದ, ಯಾವ ರೂಪ ಬಂದಿದೆ ಎಂಬುದು ಮರೆಯಾಗದೆ ತೋರುತ್ತದೆ.

ಸೊರ್ಡೇರಿಯಾ ಫಿಮಿಕೋಲಾ ಎಂಬ ಶಿಲೀಂಧ್ರವನ್ನು ತೆಗೆದುಕೊಳ್ಳಿ. ಕಪ್ಪು ಬೀಜಕದ ತಳಿಯನ್ನೂ ಬೂದು ಬೀಜಕದ ಮ್ಯುಟಂಟನ್ನೂ (ಜೀನ್ ಬದಲಾದ ತಳಿಯನ್ನೂ) ಸಂಕರ ಮಾಡಿ, ಹಣ್ಣಾದ ಚೀಲವೊಂದನ್ನು ಗಾಜಿನ ಮೇಲೆ ಒತ್ತಿ ನೋಡಿದರೆ ಎಂಟು ಬೀಜಕಗಳು ಒಂದರ ಹಿಂದೊಂದು ಸಾಲಾಗಿ ಕೂತಿರುತ್ತವೆ. ಮಿಯಾಸಿಸ್‌ನಿಂದ ನಾಲ್ಕು ಕೋಶಕೇಂದ್ರಗಳು ಹುಟ್ಟಿ, ಪ್ರತಿಯೊಂದೂ ಇನ್ನೊಮ್ಮೆ ಸಾಮಾನ್ಯ ವಿಭಜನೆ ಹೊಂದುವುದರಿಂದ ಎಂಟಾಗುತ್ತವೆ. ಈ ಕೊನೆಯ ವಿಭಜನೆಯೇ ನಮ್ಮ ವಿಷಯದ ಜೀವಾಳ. ಪ್ರತಿ ಕೋಶಕೇಂದ್ರದ ಡಿಎನ್ಎಯಲ್ಲಿ ಎರಡು ಎಳೆಗಳಿವೆ. ಆ ಎರಡು ಎಳೆಗಳು ಬೇರ್ಪಟ್ಟು, ಒಂದೊಂದೂ ಹೊಸ ಜೊತೆ ಕಟ್ಟಿಕೊಂಡು ಒಂದೊಂದು ಬೀಜಕಕ್ಕೆ ಹೋಗುತ್ತದೆ. ಅಂದರೆ ಬಣ್ಣದ ಜೀನ್ ಇರುವ ಜಾಗದ ಮಟ್ಟಿಗೆ, ಚೀಲದಲ್ಲಿರುವ ಎಂಟು ಬೀಜಕಗಳು ಮಿಯಾಸಿಸ್ ಮುಗಿದಾಗ ಇದ್ದ ಎಂಟು ಎಳೆಗಳನ್ನು ನಮಗೆ ಬಿಡಿಬಿಡಿಯಾಗಿ ತೋರಿಸುತ್ತವೆ.

ಮೆಂಡೆಲ್ ನಿಯಮದಂತೆ ನಾಲ್ಕು ಕಪ್ಪು, ನಾಲ್ಕು ಬೂದು ಬರಬೇಕು, ಹೆಚ್ಚಿನ ಚೀಲಗಳಲ್ಲಿ ಬರುವುದೂ ಹಾಗೆಯೇ. ಆದರೆ ಲಿಂಡ್ಸೆ ಆಲಿವ್ 1959ರಲ್ಲಿ ವರದಿ ಮಾಡಿದಂತೆ, ಅಪರೂಪಕ್ಕೆ 6:2 ಬರುತ್ತದೆ, ಕೆಲವೊಮ್ಮೆ 5:3 ಬರುತ್ತದೆ. ಇದಕ್ಕೂ ಮೊದಲು ಯೀಸ್ಟ್‌ನಲ್ಲಿ ಲಿಂಡೆಗ್ರೆನ್ ಇಂಥ ಅನುಪಾತಭಂಗವನ್ನು ಕಂಡು ಅದನ್ನು ಜೀನ್ ಪರಿವರ್ತನೆ ಎಂದು ಕರೆದಿದ್ದರು. 1955ರಲ್ಲಿ ಮೇರಿ ಮಿಚೆಲ್ ನ್ಯೂರೋಸ್ಪೋರಾ ಎಂಬ ಶಿಲೀಂಧ್ರದಲ್ಲಿ ಅದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸಿದ್ದರು. 6:2 ಎಂದರೆ ಒಂದು ರೂಪದ ಜಾಗದಲ್ಲಿ ಇನ್ನೊಂದು ಬಂದು ಕೂತಿದೆ ಎಂದಷ್ಟೇ ಹೇಳಬಹುದು. 5:3 ಇನ್ನೂ ಮುಂದಕ್ಕೆ ಹೋಗುತ್ತದೆ: ಒಂದೇ ಕೋಶಕೇಂದ್ರದಿಂದ ಹುಟ್ಟಿದ ಅಕ್ಕಪಕ್ಕದ ಎರಡು ಬೀಜಕಗಳಲ್ಲಿ ಒಂದು ಕಪ್ಪು, ಇನ್ನೊಂದು ಬೂದು! ಹಾಗಾಗಬೇಕಾದರೆ ಆ ಕೋಶಕೇಂದ್ರದ ಡಿಎನ್ಎಯ ಒಂದು ಎಳೆ ಕಪ್ಪು ತಳಿಯದೂ ಇನ್ನೊಂದು ಎಳೆ ಬೂದು ತಳಿಯದೂ ಆಗಿರಲೇಬೇಕು.

ಹಾಲಿಡೇ ಹಿಡಿದದ್ದು ಈ ಮಿಶ್ರ ಡಿಎನ್ಎಯನ್ನು. ಎರಡು ವರ್ಣತಂತುಗಳ ನಡುವೆ ಒಂದೊಂದು ಎಳೆ ಅದಲುಬದಲಾದರೆ ಎರಡರಲ್ಲೂ ಮಿಶ್ರ ಭಾಗ ಉಂಟಾಗುತ್ತದೆ, ಅಲ್ಲಿ ಬೇಸ್‌ಗಳು (ಡಿಎನ್ಎಯ ಅಕ್ಷರಗಳು) ಒಂದಕ್ಕೊಂದು ಸರಿಯಾಗಿ ಜೋಡಿಯಾಗುವುದಿಲ್ಲ. ಕೋಶ ಆ ತಪ್ಪು ಜೋಡಿಯನ್ನು ಗುರುತಿಸಿ ಯಾವುದಾದರೂ ಒಂದು ಎಳೆಗೆ ಹೊಂದುವಂತೆ ಇನ್ನೊಂದನ್ನು ತಿದ್ದುತ್ತದೆ ಎಂದು ಅವರು ಊಹಿಸಿದರು. ಎರಡೂ ಕಡೆ ಕಪ್ಪಿನತ್ತ ತಿದ್ದಿದರೆ 6:2. ಒಂದು ಕಡೆ ಕಪ್ಪಿನತ್ತ ತಿದ್ದಿ ಇನ್ನೊಂದು ಕಡೆ ಹಾಗೇ ಬಿಟ್ಟರೆ 5:3. ಎರಡನ್ನೂ ತಿದ್ದದೆ ಬಿಟ್ಟರೆ ಎಣಿಕೆಯಲ್ಲಿ 4:4 ಇದ್ದರೂ ಎರಡು ಜೊತೆಗಳಲ್ಲಿ ಅಕ್ಕಪಕ್ಕದ ಬೀಜಕಗಳು ಬೇರೆ ಬೇರೆ ಬಣ್ಣದವಾಗಿರುತ್ತವೆ. ಈ ಕೊನೆಯ ಬಗೆಯ ಚೀಲಗಳೂ ಸೊರ್ಡೇರಿಯಾದಲ್ಲಿ ಸಿಕ್ಕಿವೆ. ಇನ್ನು ಎಳೆಗಳು ಅಡ್ಡಹಾಯ್ದು ನಿಂತ ಆ ಗಂಟನ್ನು ಎರಡು ದಿಕ್ಕಿನಲ್ಲಿ ಕತ್ತರಿಸಬಹುದು. ಒಂದು ದಿಕ್ಕಿನಲ್ಲಿ ಕತ್ತರಿಸಿದರೆ ಎರಡೂ ಬದಿಯ ಜೀನ್‌ಗಳು ಅದಲುಬದಲಾಗುತ್ತವೆ, ಇನ್ನೊಂದು ದಿಕ್ಕಿನಲ್ಲಿ ಕತ್ತರಿಸಿದರೆ ಆಗುವುದಿಲ್ಲ. ಜೀನ್ ಪರಿವರ್ತನೆಯಾದ ಚೀಲಗಳಲ್ಲಿ ಕ್ರಾಸಿಂಗ್ ಓವರ್ (ಬದಿಯ ಜೀನ್‌ಗಳ ಈ ಅದಲುಬದಲು) ಪದೇಪದೇ ಕಾಣುತ್ತಿದ್ದರೂ ಪ್ರತಿಸಲವೂ ಏಕೆ ಕಾಣುವುದಿಲ್ಲ ಎಂಬ ಹಳೆಯ ಒಗಟು ಇದರಿಂದ ಬಿಡಿಸಿಕೊಂಡಿತು. ಆಗಿನ ಬಿಡಿಬಿಡಿ ಮಾಹಿತಿಯನ್ನೆಲ್ಲ ಒಂದೇ ಚಿತ್ರದಲ್ಲಿ ಕೂರಿಸಿದ ಅವರ 1964ರ ಲೇಖನವನ್ನು ಇಂದು ಓದಿದರೂ ಮನಸ್ಸು ತುಂಬಿಬರುತ್ತದೆ. ಕೇಂಬ್ರಿಜ್‌ನ ಹೆರಾಲ್ಡ್ ವೈಟ್‌ಹೌಸ್ ಕೂಡ 1963ರಲ್ಲಿ ಮಿಶ್ರ ಡಿಎನ್ಎ ಆಧರಿಸಿದ ಬೇರೊಂದು ಮಾದರಿಯನ್ನು ಮುಂದಿಟ್ಟಿದ್ದರು ಎಂಬುದನ್ನು ತರಗತಿಯಲ್ಲಿ ಹೇಳುವುದು ನ್ಯಾಯ.

ಉತ್ತರ 2: ಡಿಎನ್ಎ ದುರಸ್ತಿ ಸಂಶೋಧಕ, ಬೆಂಗಳೂರು

ಪ್ರಾಧ್ಯಾಪಕರ ವಿವರಣೆಗೆ ಕೃತಜ್ಞತೆಗಳು. ಅದಕ್ಕೆ ಒಂದು ಮಾತು ಸೇರಿಸಬೇಕು. ಸೊರ್ಡೇರಿಯಾ ಹಾಲಿಡೇ ಅವರ ಸ್ವಂತ ಶಿಲೀಂಧ್ರವಲ್ಲ. ಆ ಎಣಿಕೆಗಳು ಬೇರೆಯವರವು. ಅವರು ತಮ್ಮ ಪ್ರಯೋಗಾಲಯದಲ್ಲಿ ಬೆಳೆಸುತ್ತಿದ್ದುದು ಅಸ್ಟಿಲಾಗೊ ಮೇಡಿಸ್, ಅಂದರೆ ಮೆಕ್ಕೆಜೋಳದ ಕಾಡಿಗೆ ರೋಗದ ಶಿಲೀಂಧ್ರ. ತೆನೆಯ ಕಾಳುಗಳು ಬೂದುಬಣ್ಣದ ಗಂಟುಗಳಾಗಿ ಊದಿ, ಒಡೆದಾಗ ಕಪ್ಪು ಪುಡಿ ಸುರಿಯುವುದನ್ನು ರೈತರು ಬಲ್ಲರು. ಆ ಪುಡಿಯ ಕಣಕಣವೂ ಬೀಜಕ. ಹೊಲದಲ್ಲಿ ರೋಗವಾದ ಇದು ಪ್ರಯೋಗಾಲಯದಲ್ಲಿ ಬಹಳ ಅನುಕೂಲದ ಜೀವಿ: ಅಗರ್ ತಟ್ಟೆಯ ಮೇಲೆ ಯೀಸ್ಟ್‌ನಂತೆ ಒಂಟಿಕೋಶಗಳಾಗಿ ಬೆಳೆದು ಗುಂಪು ಕಟ್ಟುತ್ತದೆ, ಎರಡು ಒಗ್ಗುವ ತಳಿಗಳು ಕೂಡಿದಾಗ ಮಾತ್ರ ಗಿಡಕ್ಕೆ ರೋಗ ತರುತ್ತದೆ, ಮತ್ತು ಎರಡು ಜೊತೆ ವರ್ಣತಂತುಗಳಿರುವ ಸ್ಥಿರ ತಳಿಗಳನ್ನೂ ಅದರಿಂದ ಪಡೆಯಬಹುದು.

ಹಾಲಿಡೇ ಆಗ ಹರ್ಟ್‌ಫರ್ಡ್‌ಷೈರ್‌ನ ಬೇಫರ್ಡ್‌ಬರಿಯಲ್ಲಿದ್ದ ಜಾನ್ ಇನ್ಸ್ ಸಂಸ್ಥೆಯಲ್ಲಿದ್ದರು. ಈ ಜೋಡಿ ವರ್ಣತಂತುಗಳ ತಳಿಯ ಮೇಲೆ ಅತಿನೇರಳೆ ಕಿರಣ ಬಿಟ್ಟರೆ, ಮಿಯಾಸಿಸ್ ಇಲ್ಲದೆಯೇ ಸಾಮಾನ್ಯ ಕೋಶವಿಭಜನೆಯಲ್ಲಿ ಮರುಸಂಯೋಜನೆ ಹಲವು ಪಟ್ಟು ಏರುತ್ತದೆ ಎಂದು ಅವರು 1961ರಲ್ಲಿ ತೋರಿಸಿದರು. 1964ರಲ್ಲಿ, ಡಿಎನ್ಎಯ ಎರಡು ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುವ ಮೈಟೊಮೈಸಿನ್ ಸಿ ಎಂಬ ರಾಸಾಯನಿಕವೂ ಇದೇ ಪರಿಣಾಮ ಬೀರುತ್ತದೆ ಎಂದು ಅಸ್ಟಿಲಾಗೊ ಮತ್ತು ಯೀಸ್ಟ್ ಎರಡರಲ್ಲೂ ಕಂಡರು. ಡಿಎನ್ಎಗೆ ಪೆಟ್ಟು ಬಿದ್ದಾಗಲೆಲ್ಲ ಮರುಸಂಯೋಜನೆ ಏಕೆ ಹೆಚ್ಚುತ್ತದೆ? ಎರಡಕ್ಕೂ ಬೇಕಾದ ಉಪಕರಣಗಳು ಒಂದೇ ಆಗಿರಬಹುದಲ್ಲವೇ? ಇದನ್ನು ಪರೀಕ್ಷಿಸಲು ಅವರು ಅತಿನೇರಳೆ ಕಿರಣಕ್ಕೆ ಬೇಗ ಸಾಯುವ ಮ್ಯುಟಂಟ್‌ಗಳನ್ನು ಹುಡುಕಿದರು. ಒಂದೇ ವಿನ್ಯಾಸದ ಗುಂಪುಗಳನ್ನು ಎರಡು ತಟ್ಟೆಗಳ ಮೇಲೆ ಅಚ್ಚೊತ್ತಿ, ಒಂದಕ್ಕೆ ಮಾತ್ರ ಕಿರಣ ಬಿಟ್ಟು, ಅಲ್ಲಿ ಬೆಳೆಯದ ಗುಂಪನ್ನು ಇನ್ನೊಂದು ತಟ್ಟೆಯಿಂದ ಆರಿಸಿಕೊಳ್ಳುವುದು ಇಂಥ ಹುಡುಕಾಟದ ಕ್ರಮ. 1965ರಲ್ಲಿ ಇಂಥ ಮ್ಯುಟಂಟ್‌ಗಳನ್ನು ವರದಿ ಮಾಡಿ, 1967ರಲ್ಲಿ ಅವುಗಳಲ್ಲಿ ಮರುಸಂಯೋಜನೆಯ ಪ್ರಮಾಣವೂ ಬದಲಾಗಿದೆ ಎಂದು ಪ್ರಕಟಿಸಿದರು. ಮರುಸಂಯೋಜನೆ ಮತ್ತು ದುರಸ್ತಿ ಎಂಬ ಎರಡು ಅಧ್ಯಾಯಗಳು ಒಂದೇ ಜೀನ್‌ಗಳಲ್ಲಿ ಕೂಡುತ್ತವೆ ಎಂಬುದಕ್ಕೆ ಕೋಶಕೇಂದ್ರವಿರುವ ಕೋಶಗಳಿಂದ ಬಂದ ಮೊದಮೊದಲ ಪುರಾವೆಗಳಲ್ಲಿ ಇದೂ ಒಂದು.

ಕಾಲವನ್ನು ಗಮನಿಸಿ. ಹಾನಿಗೊಂಡ ತುಂಡನ್ನು ಕತ್ತರಿಸಿ ತೆಗೆದು ಹೊಸದನ್ನು ತುಂಬುವ ದುರಸ್ತಿಯನ್ನು ಬ್ಯಾಕ್ಟೀರಿಯಾದಲ್ಲಿ ಕಂಡುಹಿಡಿದದ್ದು ಕೂಡ 1964ರಲ್ಲೇ. ತಪ್ಪು ಜೋಡಿಯನ್ನು ತಿದ್ದುವ ಕಿಣ್ವಗಳು ಇರಲೇಬೇಕೆಂದು ಹಾಲಿಡೇ ಬರೆದಾಗ ಅಂಥ ಒಂದು ಕಿಣ್ವವೂ ಯಾರ ಕೈಗೂ ಸಿಕ್ಕಿರಲಿಲ್ಲ. ಆ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಂದಿತು. ಯೀಸ್ಟ್‌ನ ಪಿಎಂಎಸ್1 ಎಂಬ ಜೀನ್ ಸಿಕ್ಕ ಬಗೆಯನ್ನಂತೂ ವಿದ್ಯಾರ್ಥಿಗಳಿಗೆ ಹೇಳಲೇಬೇಕು: ಆ ಜೀನ್ ಕೆಟ್ಟ ತಳಿಯಲ್ಲಿ 5:3 ಬಗೆಯ ಅನುಪಾತಗಳು ಏರಿದ್ದರಿಂದ ಅದು ತಪ್ಪು ಜೋಡಿಗಳನ್ನು ತಿದ್ದುವ ಜೀನ್ ಎಂದು ತಿಳಿಯಿತು. ಅದರ ಸಂಬಂಧಿಕ ಜೀನ್‌ಗಳು ನಮ್ಮಲ್ಲಿ ಕೆಟ್ಟರೆ ವಂಶಪಾರಂಪರ್ಯದ ದೊಡ್ಡಕರುಳಿನ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಬೀಜಕದ ಬಣ್ಣ ಎಣಿಸುವ ಕೆಲಸ ಆಸ್ಪತ್ರೆಯ ತಪಾಸಣೆಯವರೆಗೆ ಬಂದು ಮುಟ್ಟಿದ ದಾರಿ ಇದು.

ಅಸ್ಟಿಲಾಗೊದ ಕಥೆಯೂ ಅಲ್ಲಿಗೆ ನಿಲ್ಲಲಿಲ್ಲ. ಹಾಲಿಡೇ ಅವರೊಂದಿಗೆ 1970ರ ದಶಕದಲ್ಲಿ ಕೆಲಸ ಮಾಡಿದ ವಿಲಿಯಂ ಹಾಲೊಮನ್ ನ್ಯೂಯಾರ್ಕ್‌ನಲ್ಲಿ ಅದೇ ಶಿಲೀಂಧ್ರವನ್ನು ಮುಂದುವರಿಸಿದರು. 2002ರಲ್ಲಿ ಅವರ ಗುಂಪು ಅದರಲ್ಲಿ ಬಿಆರ್‌ಎಚ್2 ಎಂಬ ಪ್ರೋಟೀನನ್ನು ಕಂಡುಹಿಡಿಯಿತು. ಅದು ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ ಮಾನವ ಬಿಆರ್‌ಸಿಎ2 ಪ್ರೋಟೀನಿನ ಬಂಧು. ಎಲ್ಲರೂ ಬಳಸುವ ಬೇಕರಿ ಯೀಸ್ಟ್‌ನಲ್ಲಿ ಈ ಪ್ರೋಟೀನ್ ಇಲ್ಲವೇ ಇಲ್ಲ. ಹೀಗಾಗಿ ಬಿಆರ್‌ಸಿಎ2 ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸರಳ ಜೀವಿಯಲ್ಲಿ ನೋಡಬೇಕೆನ್ನುವವರಿಗೆ ಕಾಡಿಗೆ ರೋಗದ ಈ ಶಿಲೀಂಧ್ರ ಬೆಲೆಬಾಳುವ ಆಸರೆಯಾಯಿತು.

ಉತ್ತರ 3: ಜೀವವಿಜ್ಞಾನ ಲೇಖಕಿ, ಮೈಸೂರು

ಎರಡನೆಯ ಪ್ರಶ್ನೆಗೆ ನನಗೆ ತಿಳಿದಷ್ಟು. ಹಾಲಿಡೇ 1965ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಬಂದು, 1970ರಿಂದ 1988ರವರೆಗೆ ಅಲ್ಲಿನ ತಳಿವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು. ನಂತರ ಆಸ್ಟ್ರೇಲಿಯಾಕ್ಕೆ ಹೋಗಿ ಸಿಡ್ನಿಯ ಸಿಎಸ್‌ಐಆರ್‌ಒ (ಆ ದೇಶದ ಸರ್ಕಾರಿ ವಿಜ್ಞಾನ ಸಂಸ್ಥೆ) ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು, 2014ರಲ್ಲಿ ತೀರಿಕೊಂಡರು. ಹೊರನೋಟಕ್ಕೆ ವಿಷಯಗಳು ಚದುರಿದಂತಿವೆ, ಆದರೆ ನನ್ನ ದೃಷ್ಟಿಯಲ್ಲಿ ಅವರು ಕೊನೆಯವರೆಗೂ ಕೇಳುತ್ತಿದ್ದುದು ಒಂದೇ: ಕೋಶದಲ್ಲಿರುವ ಮಾಹಿತಿ ಹೇಗೆ ಕೆಡುತ್ತದೆ, ಕೆಡದಂತೆ ಕೋಶ ಅದನ್ನು ಹೇಗೆ ಕಾಯುತ್ತದೆ?

ಮುಪ್ಪಿನ ವಿಷಯಕ್ಕೆ ಅವರು ಕಾಲಿಟ್ಟದ್ದೂ ಶಿಲೀಂಧ್ರಗಳ ಮೂಲಕವೇ. ಪ್ರೋಟೀನ್ ತಯಾರಿಸುವ ಯಂತ್ರದಲ್ಲೇ ತಪ್ಪು ನುಸುಳಿದರೆ, ಆ ತಪ್ಪು ಯಂತ್ರ ಇನ್ನಷ್ಟು ತಪ್ಪು ಪ್ರೋಟೀನ್ ಮಾಡಿ, ತಪ್ಪುಗಳು ಬೆಳೆಯುತ್ತ ಹೋಗಿ ಕೊನೆಗೆ ಕೋಶ ಕುಸಿಯುತ್ತದೆ ಎಂದು ಲೆಸ್ಲಿ ಆರ್ಗೆಲ್ 1963ರಲ್ಲಿ ವಾದಿಸಿದ್ದರು. ಕೆಲವು ಶಿಲೀಂಧ್ರ ತಳಿಗಳು ಸ್ವಲ್ಪ ಕಾಲ ಬೆಳೆದು ತಾವಾಗಿ ಸಾಯುವುದನ್ನು ಬಳಸಿಕೊಂಡು ಹಾಲಿಡೇ 1969ರಲ್ಲಿ ಇದನ್ನು ಪರೀಕ್ಷಿಸಿದರು. ಮರುವರ್ಷ ಲೂಯಿಸ್ ಅವರೊಂದಿಗೆ, ಪ್ರೋಟೀನ್‌ಗೆ ತಪ್ಪು ಅಮೈನೋ ಆಮ್ಲ ಸೇರಿಸುವ ನ್ಯೂರೋಸ್ಪೋರಾ ಮ್ಯುಟಂಟ್ ಬೇಗ ಮುಪ್ಪಾಗುವುದನ್ನು ವರದಿ ಮಾಡಿದರು. ಆಮೇಲೆ ಮನುಷ್ಯನ ಚರ್ಮದಡಿಯ ಕೋಶಗಳಂಥ ಫೈಬ್ರೊಬ್ಲಾಸ್ಟ್‌ಗಳತ್ತ ತಿರುಗಿದರು. ಆರ್ಗೆಲ್ ವಾದ ಮುಪ್ಪಿಗೆ ಸಾರ್ವತ್ರಿಕ ಕಾರಣವೆಂದು ನಿಲ್ಲಲಿಲ್ಲ. ಆದರೂ ಒಂದು ಊಹೆಯನ್ನು ಪ್ರಯೋಗದ ಅಂಗಳಕ್ಕೆ ತಂದು ವರ್ಷಗಟ್ಟಲೆ ಪ್ರಾಮಾಣಿಕವಾಗಿ ಪರೀಕ್ಷಿಸಿದ ಕೆಲಸಕ್ಕೆ ಅದರದೇ ಬೆಲೆ ಇದೆ ಎಂದು ನಾನು ನಂಬುತ್ತೇನೆ.

1975ರಲ್ಲಿ ಜಾನ್ ಪ್ಯೂ ಅವರೊಂದಿಗೆ ಬರೆದ ಲೇಖನ ಇದಕ್ಕಿಂತ ದೂರ ಹೋಯಿತು. ಡಿಎನ್ಎಯ ಅಕ್ಷರ ಬದಲಾಗದೆಯೇ ಅದಕ್ಕೆ ಮಿಥೈಲ್ ಗುಂಪೊಂದು ಅಂಟಿಕೊಂಡರೆ ಜೀನ್ ಕೆಲಸ ಮಾಡುವುದೋ ಬಿಡುವುದೋ ತೀರ್ಮಾನವಾಗಬಹುದು, ಆ ಗುರುತು ಕೋಶವಿಭಜನೆಯ ನಂತರವೂ ಉಳಿಯಬಹುದು ಎಂದು ಅವರು ಸೂಚಿಸಿದರು. ಅದೇ ವರ್ಷ ಅಮೆರಿಕದ ಆರ್ಥರ್ ರಿಗ್ಸ್ ಪ್ರತ್ಯೇಕವಾಗಿ ಇದೇ ನಿಲುವಿಗೆ ಬಂದರು. ಹಳೆಯ ಎಳೆಯಲ್ಲಿ ಗುರುತಿದ್ದು ಹೊಸ ಎಳೆಯಲ್ಲಿ ಇಲ್ಲದಿದ್ದಾಗ, ಒಂದು ಕಿಣ್ವ ಆ ವ್ಯತ್ಯಾಸವನ್ನು ಕಂಡು ಹೊಸ ಎಳೆಗೂ ಗುರುತು ಹಾಕುತ್ತದೆ ಎಂಬುದು ಅವರ ತರ್ಕ. ಎರಡು ಎಳೆಗಳ ನಡುವಿನ ಅಸಮತೆಯನ್ನು ಓದಿ ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಕಿಣ್ವದ ಈ ಕಲ್ಪನೆ 1964ರ ಲೇಖನದಲ್ಲೂ ಇತ್ತು. ಅದಕ್ಕೇ ನಾನು ಇದನ್ನು ಒಂದೇ ದಾರಿ ಎನ್ನುತ್ತೇನೆ. ಇಂದು ಎಪಿಜೆನೆಟಿಕ್ಸ್ ಎಂದು ಬೆಳೆದಿರುವ ಕ್ಷೇತ್ರಕ್ಕೆ ಆ ಎರಡು ಲೇಖನಗಳು ಅಡಿಗಲ್ಲು. 1976ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 2011ರಲ್ಲಿ ಅದರ ರಾಯಲ್ ಪದಕ ಅವರಿಗೆ ದೊರೆತವು.

ಮರುಪ್ರಶ್ನೆ: ಸಸ್ಯಶಾಸ್ತ್ರ ಉಪನ್ಯಾಸಕಿ, ಹಾಸನ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಧಾರವಾಡದ ಸರ್ ಬರೆದ ಎಂಟು ಎಳೆ, ಎಂಟು ಬೀಜಕದ ಲೆಕ್ಕವನ್ನು ನಾಳೆಯೇ ತರಗತಿಯಲ್ಲಿ ಮಾಡಿಸುತ್ತೇನೆ. ಇನ್ನೊಂದು ವಿಷಯ ಸ್ಪಷ್ಟವಾಗಬೇಕಿದೆ. ಮರುಸಂಯೋಜನೆ ಶುರುವಾಗುವುದು ಎರಡೂ ಎಳೆಗಳು ಒಟ್ಟಿಗೆ ತುಂಡಾಗುವುದರಿಂದ ಎಂದು ಹೊಸ ಪುಸ್ತಕಗಳು ಹೇಳುತ್ತವೆ. ಹಾಗಾದರೆ ಹಾಲಿಡೇ ಮಾದರಿಯನ್ನು ಇತಿಹಾಸವೆಂದು ಮಾತ್ರ ಹೇಳಿಕೊಡಬೇಕೇ? ನಮ್ಮಲ್ಲಿ ಈ ವಿಷಯದ ಮೇಲೆ ಕೆಲಸ ನಡೆದಿದೆಯೇ ಎಂಬುದನ್ನೂ ತಿಳಿಸಿದರೆ ಮಕ್ಕಳಿಗೆ ಹುರುಪು ಬರುತ್ತದೆ.

ಉತ್ತರ 4: ಡಿಎನ್ಎ ದುರಸ್ತಿ ಸಂಶೋಧಕ, ಬೆಂಗಳೂರು

ಮೇಡಂ, ಆರಂಭ ಹೇಗಾಗುತ್ತದೆ ಎಂಬ ಭಾಗ ಬದಲಾಗಿದೆ, ನಡುವೆ ಉಂಟಾಗುವ ರಚನೆ ಉಳಿದಿದೆ. ಎರಡೂ ವರ್ಣತಂತುಗಳಲ್ಲಿ ಒಂದೇ ಜಾಗದಲ್ಲಿ ಒಂದೊಂದು ಎಳೆ ಕಡಿಯುತ್ತದೆ ಎಂದು ಹಾಲಿಡೇ ಭಾವಿಸಿದ್ದರು. ಹಾಗಿದ್ದರೆ ಎರಡೂ ಕಡೆ ಮಿಶ್ರ ಡಿಎನ್ಎ ಸಮನಾಗಿ ಉಂಟಾಗಬೇಕು, ತಿದ್ದದೆ ಉಳಿದ 4:4 ಚೀಲಗಳು ಸಾಕಷ್ಟು ಸಿಗಬೇಕು. ಯೀಸ್ಟ್‌ನಲ್ಲಿ ಅವು ತೀರ ವಿರಳ. ಈ ಕಾರಣಕ್ಕೆ 1975ರಲ್ಲಿ ಮೆಸೆಲ್ಸನ್ ಮತ್ತು ರಾಡಿಂಗ್ ಒಂದೇ ಕಡೆಯಿಂದ ಎಳೆ ಹೋಗುವ ಮಾದರಿಯನ್ನು ಕೊಟ್ಟರು. 1983ರಲ್ಲಿ ಶೊಸ್ಟಾಕ್, ಆರ್-ವೀವರ್, ರಾತ್‌ಸ್ಟೈನ್ ಮತ್ತು ಸ್ಟಾಲ್ ಎರಡೂ ಎಳೆ ತುಂಡಾಗುವ ಮಾದರಿಯನ್ನು ಕೊಟ್ಟರು. ಆದರೆ ಆ ಕೊನೆಯ ಮಾದರಿಯಲ್ಲಿಯೇ ಎರಡು ಹಾಲಿಡೇ ಜಂಕ್ಷನ್‌ಗಳಿವೆ, ಮತ್ತು 1995ರಲ್ಲಿ ಶ್ವಾಚಾ ಮತ್ತು ಕ್ಲೆಕ್ನರ್ ಮಿಯಾಸಿಸ್ ನಡೆಯುತ್ತಿರುವ ಯೀಸ್ಟ್‌ನಿಂದ ಅಂಥ ಜೋಡಿ ಜಂಕ್ಷನ್‌ಗಳನ್ನು ಬೇರ್ಪಡಿಸಿ ತೋರಿಸಿದರು. ಅದನ್ನು ಕತ್ತರಿಸುವ ಕಿಣ್ವಗಳೂ ಸಿಕ್ಕಿವೆ: 1982ರಲ್ಲಿ ಟಿ4 ವೈರಸ್ಸಿನದು, 1991ರಲ್ಲಿ ಬ್ಯಾಕ್ಟೀರಿಯಾದ ರುವ್‌ಸಿ, 2008ರಲ್ಲಿ ಮನುಷ್ಯನ ಜೆನ್1. ಆದ್ದರಿಂದ ಇತಿಹಾಸವೆಂದು ಬದಿಗಿಡಬೇಡಿ. ಮೊದಲ ಕಡಿತದ ಭಾಗವನ್ನು ಮಾತ್ರ ಹೊಸದಾಗಿ ಹೇಳಿ. ಕ್ರಾಸಿಂಗ್ ಓವರ್ ಆಗದ ಪರಿವರ್ತನೆಗಳಲ್ಲಿ ಬಹುಪಾಲು ಬೇರೆ ಹಾದಿಯಿಂದ, ಜಂಕ್ಷನ್ ಇಲ್ಲದೆಯೇ ಆಗುತ್ತವೆ ಎಂಬುದನ್ನೂ ಸೇರಿಸಿ.

ನಮ್ಮಲ್ಲಿನ ಕೆಲಸದ ಬಗ್ಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದ ಕೆ. ಮುನಿಯಪ್ಪ ಅವರು ಯೇಲ್‌ನಲ್ಲಿ ಮೇಲೆ ಹೇಳಿದ ಚಾರ್ಲ್ಸ್ ರಾಡಿಂಗ್ ಅವರ ಪ್ರಯೋಗಾಲಯದಲ್ಲಿ ಮರುಸಂಯೋಜನೆ ನಡೆಸುವ ರೆಕ್‌ಎ ಪ್ರೋಟೀನಿನ ಮೇಲೆ ಕೆಲಸ ಮಾಡಿ, ಬೆಂಗಳೂರಿನಲ್ಲಿ ಮರುಸಂಯೋಜನೆಯ ಅಧ್ಯಯನವನ್ನು ದಶಕಗಳ ಕಾಲ ನಡೆಸಿದರು. ಯೀಸ್ಟ್‌ನಲ್ಲಿ ಮಿಯಾಸಿಸ್ ಸಮಯದಲ್ಲಿ ಮಾತ್ರ ತಯಾರಾಗುವ ಹಾಪ್1 ಎಂಬ ಪ್ರೋಟೀನನ್ನು ಶುದ್ಧೀಕರಿಸಿ, ಅದು ಡಿಎನ್ಎಯನ್ನು ಹಿಡಿದುಕೊಳ್ಳುತ್ತದೆಂದೂ, ಹಾಲಿಡೇ ಜಂಕ್ಷನ್ ಸಿಕ್ಕರೆ ಅದನ್ನೇ ಹೆಚ್ಚು ಬಿಗಿಯಾಗಿ ಹಿಡಿದು ಅದರ ಆಕಾರವನ್ನು ಬದಲಿಸುತ್ತದೆಂದೂ ಅವರ ಗುಂಪು ತೋರಿಸಿದೆ. ಅದೇ ವಿಭಾಗದ ರಮೇಶ್ ಮಹೇಶ್ವರಿ ಅವರು ಕಬ್ಬಿನ ಗದ್ದೆಗಳಲ್ಲಿ ನ್ಯೂರೋಸ್ಪೋರಾದ ಜೀವನಕ್ರಮವನ್ನು ಅಧ್ಯಯನ ಮಾಡಿದರು. ಆ ಬೀಜಕಗಳು ಮೊಳೆಯಲು ಬಿಸಿ ಬೇಕು. ಕಟಾವಿನ ನಂತರ ರವದಿ ಸುಟ್ಟ ಗದ್ದೆಯಲ್ಲಿ, ಸುಟ್ಟ ಕೂಳೆಗಳ ಮೇಲೆ ಕಿತ್ತಳೆ ಬಣ್ಣದ ಪುಡಿಯಂತೆ ಅದು ಹಬ್ಬಿರುವುದನ್ನು ಮಂಡ್ಯದ ಕಡೆಯ ವಿದ್ಯಾರ್ಥಿಗಳು ತಮ್ಮ ಹೊಲಗಳಲ್ಲಿ ಹುಡುಕಿ ನೋಡಬಹುದು.